ಸೋಲರಿಯದ ತಂಡ, ಬಾರದ ಕರೆ

ನಮ್ಮ ನಾಡಿನ ಹಿರಿಯರು ಊಟದ ಸಾಲಿನಿಂದಲೇ ಎತ್ತಿಕೊಟ್ಟ ಒಂದು ಮಾತು 'ಪಂಕ್ತಿಭೇದ'. ಒಂದೇ ಸಾಲಿನಲ್ಲಿ ಕುಳಿತವರಿಗೆ ಮುಖ ನೋಡಿ ಬಡಿಸುವುದು ದೋಷ, ಅದು ಅನ್ನಕ್ಕೂ ಅತಿಥಿಗೂ ಮಾಡಿದ ಅವಮಾನ ಎಂಬುದು ಆ ಮಾತಿನ ತಾತ್ಪರ್ಯ. ದೋಷ ಯಾರದೆಂದು ಕೇಳಿದರೆ ನಾವು ಸಾಮಾನ್ಯವಾಗಿ ಬಡಿಸುವವನ ಕಡೆಗೆ ಕೈ ತೋರಿಸುತ್ತೇವೆ. ಆದರೆ ಎಲೆಯ ಮುಂದೆ ಕುಳಿತವರ ಮಾತೇನು? ಪಕ್ಕದವನನ್ನು ಎಬ್ಬಿಸಿ ಕಳಿಸಿದ ಮೇಲೂ ತನ್ನ ಎಲೆಗೆ ಬಿದ್ದದ್ದನ್ನು ಸುಮ್ಮನೆ ಉಣ್ಣುವವನಿಗೆ ಆ ದೋಷ ತಟ್ಟುವುದಿಲ್ಲವೆ?

ಮಲಪ್ರಭೆಯ ದಂಡೆಯ ಜನರಿಗೆ ಈ ಪ್ರಶ್ನೆ ಹೊಸದಲ್ಲ. ಎಂ.ಕೆ. ಹುಬ್ಬಳ್ಳಿಯಲ್ಲಿರುವ ಗಂಗಾಂಬಿಕೆಯ ಐಕ್ಯಮಂಟಪವು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನಪಿಸುತ್ತ ನಿಂತಿದೆ. ಹುಟ್ಟಿನ ಮೇಲುಕೀಳನ್ನು ಬದಿಗಿಟ್ಟು ಕೂಡಿ ಉಂಡ, ಕೂಡಿ ದುಡಿದ ಶರಣರು ಅದಕ್ಕಾಗಿ ತೆತ್ತ ಬೆಲೆಯ ನೆನಪು ಆ ನೀರಿನ ದಂಡೆಯಲ್ಲಿದೆ. ಅದೇ ಪ್ರಶ್ನೆ ಸುಮಾರು ಎಂಟು ಶತಮಾನಗಳ ತರುವಾಯ, ಕಡಲಾಚೆಯ ಅಮೆರಿಕದಲ್ಲಿ, ಇಪ್ಪತ್ತರ ಹರೆಯದ ಕೆಲವು ವಿದ್ಯಾರ್ಥಿಗಳ ಮುಂದೆ ಬಂದು ನಿಂತಿತು. 1951ರ ಆಟದ ಋತುವಿನಲ್ಲಿ ಸೋಲನ್ನೇ ಕಾಣದ ಒಂದು ಕಾಲೇಜು ಫುಟ್‌ಬಾಲ್ ತಂಡ ಅವರದು. ಆ ತಂಡ ಪಂದ್ಯಗಳನ್ನು ಗೆದ್ದದ್ದು ಒಂದು ಬಗೆಯ ಇತಿಹಾಸ. ಗೆದ್ದ ಮೇಲೆ ಅದು ಬಿಟ್ಟುಕೊಟ್ಟದ್ದು ಅದಕ್ಕಿಂತ ದೊಡ್ಡ ಇತಿಹಾಸ.

ಯೇಸುಸಭೆಯ ಕಾಲೇಜು

1855ರಲ್ಲಿ ಯೇಸುಸಭೆಯ ಗುರುಗಳು ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸಂತ ಇಗ್ನಾಸಿಯವರ ಹೆಸರಿನಲ್ಲಿ ಒಂದು ಚಿಕ್ಕ ವಿದ್ಯಾಲಯವನ್ನು ತೆರೆದರು. ಯೇಸುಸಭೆಯವರ ಆಡಳಿತದಲ್ಲಿ ಬೆಳೆದ ನಮ್ಮ ಬೆಳಗಾವಿಯ ಸೇಂಟ್ ಪಾಲ್ಸ್ ಪ್ರೌಢಶಾಲೆ ಆರಂಭವಾದದ್ದು ಅದರ ಮರುವರ್ಷ, 1856ರಲ್ಲಿ. ಆ ಚಿಕ್ಕ ವಿದ್ಯಾಲಯವೇ ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯವಾಯಿತು. ಅದರ ಆಟದ ತಂಡಗಳಿಗೆ 'ಡಾನ್ಸ್' ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಗೌರವಾನ್ವಿತರ ಹೆಸರಿನ ಮುಂದೆ ಹಚ್ಚುವ 'ಡಾನ್' ಎಂಬ ಶಬ್ದದಿಂದ ಬಂದದ್ದು.

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟ ನಾವು ಆಡುವ ಕಾಲ್ಚೆಂಡಿನಾಟವಲ್ಲ. ಅದರ ಚೆಂಡು ಎರಡೂ ತುದಿಗಳಲ್ಲಿ ಚೂಪಾಗಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು; ಓಡುವವನನ್ನು ಎದುರಾಳಿಗಳು ಮೈಮೇಲೆ ಬಿದ್ದು ಕೆಡವಬಹುದು. ಬಯಲಿನಲ್ಲಿ ಒಂದೊಂದು ಕಡೆಗೆ ಹನ್ನೊಂದು ಜನ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಆರು ಅಂಕ. ಕಬಡ್ಡಿಯ ಹಿಡಿತ, ಕುಸ್ತಿಯ ಬಲ, ಓಟಗಾರನ ವೇಗ ಮೂರೂ ಕೂಡಿದ ಆಟವೆಂದರೆ ನಮ್ಮವರಿಗೆ ಅರ್ಥವಾದೀತು. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು. ಚೆಂಡು ಹಿಡಿದು ಓಡುವವನು ಎಷ್ಟೇ ಚುರುಕಿನವನಾದರೂ ಒಬ್ಬನೇ ಏನೂ ಮಾಡಲಾರ. ಅವನ ಮುಂದೆ ನಾಲ್ಕಾರು ಮಂದಿ ಎದುರಾಳಿಗಳಿಗೆ ಎದೆಗೊಟ್ಟು ದಾರಿ ತೆರೆಯಬೇಕು. ಹೆಸರು ಓಡಿದವನಿಗೆ, ಪೆಟ್ಟು ದಾರಿ ತೆರೆದವರಿಗೆ. ಈ ಋಣದ ಲೆಕ್ಕ ತಂಡದ ಒಳಗಿನವರಿಗೆ ಮಾತ್ರ ಗೊತ್ತಿರುತ್ತದೆ.

ಒಂಬತ್ತು ಪಂದ್ಯ, ಒಂಬತ್ತು ಗೆಲುವು

1951ರ ಡಾನ್ಸ್ ತಂಡದ ತರಬೇತುದಾರ ಜೋ ಕುಹಾರಿಚ್ ಕಟ್ಟುನಿಟ್ಟಿನ ಮನುಷ್ಯ. ಋತು ಆರಂಭವಾಗುವ ಮುನ್ನ ಆತ ಹುಡುಗರನ್ನು ಕ್ಯಾಲಿಫೋರ್ನಿಯದ ಒಳನಾಡಿನ ಕಾರ್ನಿಂಗ್ ಎಂಬ ಊರಿಗೆ ಕರೆದೊಯ್ದು ಸುಡುವ ಬಿಸಿಲಿನಲ್ಲಿ ತಾಲೀಮು ಮಾಡಿಸಿದ. ತಂಡದಲ್ಲಿದ್ದವರು ಬಗೆಬಗೆಯ ಮನೆಗಳಿಂದ ಬಂದವರು. ಜಿನೊ ಮಾರ್ಕೆಟಿ ಇಟಲಿಯಿಂದ ವಲಸೆ ಬಂದ ದಂಪತಿಗಳ ಮಗ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ರಣರಂಗವನ್ನು ಕಂಡು ಬಂದವನು. ಬಾಬ್ ಸೇಂಟ್ ಕ್ಲೇರ್ ಸ್ಯಾನ್ ಫ್ರಾನ್ಸಿಸ್ಕೋದವನೇ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಓಲಿ ಮ್ಯಾಟ್ಸನ್ ಟೆಕ್ಸಸ್ ಪ್ರಾಂತ್ಯದಲ್ಲಿ ಹುಟ್ಟಿದವನು. ಬರ್ಲ್ ಟೋಲರ್ ಟೆನೆಸ್ಸೀ ಪ್ರಾಂತ್ಯದ ಮೆಂಫಿಸ್ ನಗರದವನು. ಈ ಇಬ್ಬರು ಕಪ್ಪುವರ್ಣೀಯರು. 1948ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜಿನ ತಂಡದಲ್ಲಿ ಇಬ್ಬರೂ ಜೊತೆಯಾಗಿ ಆಡಿ, ಅಲ್ಲಿಂದ ಈ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸ ಪೀಟ್ ರೋಜೆಲ್ ಎಂಬ ತರುಣನದು. ಮುಂದೆ 1960ರಿಂದ 1989ರವರೆಗೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಒಕ್ಕೂಟದ ಮುಖ್ಯಸ್ಥನಾದವನು ಈತನೇ.

ಆ ಋತುವಿನಲ್ಲಿ ಡಾನ್ಸ್ ಒಂಬತ್ತು ಪಂದ್ಯಗಳನ್ನಾಡಿ ಒಂಬತ್ತನ್ನೂ ಗೆದ್ದರು. ಸೋಲೂ ಇಲ್ಲ, ಸಮಬಲವೂ ಇಲ್ಲ. ನ್ಯೂಯಾರ್ಕಿಗೆ ಹೋಗಿ ಅಲ್ಲಿನ ಯೇಸುಸಭೆಯ ಮತ್ತೊಂದು ವಿದ್ಯಾಸಂಸ್ಥೆಯಾದ ಫೋರ್ಡಮ್ ತಂಡವನ್ನು 32-26ರಿಂದ ಸೋಲಿಸಿದರು. ಅತ್ಯಂತ ಕಠಿಣವಾಗಿದ್ದ ಆ ಪಂದ್ಯದಲ್ಲಿ ಮ್ಯಾಟ್ಸನ್ ಎದುರಾಳಿಗಳು ಒದ್ದ ಚೆಂಡನ್ನು ಹಿಡಿದು ಬಯಲಿನ ಆಚೆ ತುದಿಯವರೆಗೂ ಓಡಿ ಅಂಕ ಗಳಿಸಿದ್ದು ಒಂದಲ್ಲ, ಎರಡು ಬಾರಿ. ಒಂಬತ್ತು ಪಂದ್ಯಗಳಲ್ಲಿ ಅವನು ಚೆಂಡು ಹಿಡಿದು ಓಡಿ ಗಳಿಸಿದ ದೂರ 1,566 ಗಜ. ಅಂದರೆ ಪಂದ್ಯವೊಂದಕ್ಕೆ 174 ಗಜ. ಅವನು ಕೊನೆಯ ಗೆರೆ ದಾಟಿದ್ದು 21 ಸಲ. ಆ ವರ್ಷ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಓಟದ ಗಳಿಕೆಯಲ್ಲಿ ಅವನೇ ಮೊದಲಿಗ.

ನವೆಂಬರ್ ತಿಂಗಳಲ್ಲಿ ಡಾನ್ಸ್ ತಮ್ಮ ನೆರೆಯ ಬಲಾಢ್ಯ ತಂಡವಾದ ಕಾಲೇಜ್ ಆಫ್ ಪೆಸಿಫಿಕ್ ಅನ್ನು 47-14ರಿಂದ ಮಣಿಸಿದರು. ಕೊನೆಯ ಪಂದ್ಯದಲ್ಲಿ ಲಾಸ್ ಏಂಜಲೀಸ್‌ನ ಲೊಯೋಲ ತಂಡವನ್ನು 20-2ರಿಂದ ಗೆದ್ದರು. ದೇಶದ ತಂಡಗಳ ಅಂತಿಮ ಶ್ರೇಯಾಂಕದಲ್ಲಿ ಅವರಿಗೆ ಹದಿನಾಲ್ಕನೆಯ ಸ್ಥಾನ ದೊರೆಯಿತು. ಇನ್ನು ಉಳಿದದ್ದು ಹೊಸ ವರ್ಷದ ದಿನದ ಕರೆಯೊಂದೇ.

ಇಬ್ಬರನ್ನು ಬಿಟ್ಟು ಬನ್ನಿ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಋತು ಮುಗಿದ ಮೇಲೆ ಹೊಸ ವರ್ಷದ ಆಸುಪಾಸಿನಲ್ಲಿ ಕೆಲವು ವಿಶೇಷ ಪಂದ್ಯಗಳು ನಡೆಯುತ್ತವೆ. ಬೋಗುಣಿಯ ಆಕಾರದ ಕ್ರೀಡಾಂಗಣಗಳಿಂದಾಗಿ ಅವುಗಳಿಗೆ 'ಬೌಲ್' ಪಂದ್ಯಗಳೆಂದು ಹೆಸರು. ಅಲ್ಲಿ ಆಡಲು ತಂಡವೇ ಅರ್ಜಿ ಹಾಕುವಂತಿಲ್ಲ, ಸಂಘಟಕರು ಕರೆಯಬೇಕು. ಕರೆ ಬಂದರೆ ಕೀರ್ತಿಯ ಜೊತೆಗೆ ಕಾಲೇಜಿಗೆ ದೊಡ್ಡ ಮೊತ್ತದ ಹಣವೂ ಬರುತ್ತಿತ್ತು. ಡಾನ್ಸ್ ತಂಡಕ್ಕೆ ಆ ಹಣ ಬೇಕಾಗಿತ್ತು. ಫುಟ್‌ಬಾಲಿನ ಖರ್ಚು ವರ್ಷದಿಂದ ವರ್ಷಕ್ಕೆ ಏರಿ ವಿಶ್ವವಿದ್ಯಾಲಯಕ್ಕೆ ನಷ್ಟವಾಗುತ್ತಿತ್ತು. ಕರೆ ಬಾರದಿದ್ದರೆ ತಂಡವೇ ಉಳಿಯಲಿಕ್ಕಿಲ್ಲ ಎಂಬ ಅಂಜಿಕೆ ಎಲ್ಲರಲ್ಲಿತ್ತು.

ಆರೆಂಜ್ ಬೌಲ್, ಶುಗರ್ ಬೌಲ್, ಗೇಟರ್ ಬೌಲ್ ಎಂಬ ಪ್ರಮುಖ ಪಂದ್ಯಗಳು ನಡೆಯುತ್ತಿದ್ದುದು ದಕ್ಷಿಣದ ಪ್ರಾಂತ್ಯಗಳಲ್ಲಿ. ಅಲ್ಲಿ ಆಗ ಕಪ್ಪು ಮತ್ತು ಬಿಳಿಯ ಜನರನ್ನು ಶಾಲೆಯಲ್ಲಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ, ನೀರು ಕುಡಿಯುವ ನಲ್ಲಿಯಲ್ಲಿಯೂ ಬೇರೆಬೇರೆ ಇಡುವ ಕಾನೂನು ಮತ್ತು ರೂಢಿಗಳಿದ್ದವು. ಆಟಗಾರರು ಮುಂದೆ ಹೇಳಿಕೊಂಡಂತೆ, ಋತುವಿನ ಕೊನೆಗೆ ತಂಡಕ್ಕೆ ಒಂದು ಸಂದೇಶ ಮುಟ್ಟಿತು. ಕರೆ ಬರುತ್ತದೆ, ಆದರೆ ಮ್ಯಾಟ್ಸನ್ ಮತ್ತು ಟೋಲರ್ ಇಬ್ಬರನ್ನು ಮನೆಯಲ್ಲಿ ಬಿಟ್ಟು ಬರಬೇಕು.

ಉಳಿದವರು ಎಲ್ಲರೂ ಒಂದೇ ಬಾಯಿಂದ ಒಲ್ಲೆವೆಂದರು. ದೀರ್ಘ ಚರ್ಚೆಯಾಗಲಿ ಮತದಾನವಾಗಲಿ ಬೇಕಾಗಲಿಲ್ಲವೆಂದು ಅವರಲ್ಲಿ ಹಲವರು ನೆನೆದಿದ್ದಾರೆ. ಮ್ಯಾಟ್ಸನ್ ಓಡುವಾಗ ದಾರಿ ತೆರೆದವರಿಗೆ, ಟೋಲರ್ ಕಾವಲು ನಿಂತಾಗ ಅವನ ಬೆನ್ನಿಗೆ ನಿಂತವರಿಗೆ, 'ಅವರಿಬ್ಬರಿಲ್ಲದ ತಂಡ' ಎಂಬ ಮಾತಿಗೆ ಅರ್ಥವೇ ಇರಲಿಲ್ಲ. ಬಹಿರಂಗವಾಗಿ ಹೇಳಿದ ಕಾರಣ ಬೇರೆಯಿತ್ತು: ಡಾನ್ಸ್ ಸೋಲಿಸಿದ ತಂಡಗಳು ಅಷ್ಟೇನೂ ಬಲವಾದವಲ್ಲ ಎಂದು ಸಂಘಟಕರ ಪರವಾದ ವಾದ. ಆದರೆ ಡಾನ್ಸ್ ಮುಂದೆ 47-14ರಿಂದ ಸೋತಿದ್ದ ಪೆಸಿಫಿಕ್ ತಂಡಕ್ಕೆ ಅದೇ ಹೊಸ ವರ್ಷ ಸನ್ ಬೌಲ್ ಪಂದ್ಯದ ಕರೆ ಬಂತು. ಸೋತವರು ಕರೆ ಪಡೆದರು, ಸೋಲಿಸಿದವರು ಮನೆಯಲ್ಲಿ ಉಳಿದರು. 1952ರ ಜನವರಿ 1ರಂದು ಆರೆಂಜ್ ಬೌಲಿನಲ್ಲಿ ಜಾರ್ಜಿಯ ಟೆಕ್ ಮತ್ತು ಬೇಲರ್ ತಂಡಗಳು ಆಡಿದವು.

ಅಂಜಿಕೆ ನಿಜವಾಯಿತು. ಋತು ಮುಗಿದ ಕೆಲವೇ ದಿನಗಳಲ್ಲಿ ವಿಶ್ವವಿದ್ಯಾಲಯವು ನಷ್ಟದ ಕಾರಣದಿಂದ ಫುಟ್‌ಬಾಲ್ ತಂಡವನ್ನು ಮುಚ್ಚಿತು. ಸೋಲನ್ನೇ ಕಾಣದ ಋತುವೇ ಆ ತಂಡದ ಕೊನೆಯ ಋತುವಾಯಿತು. ಅಷ್ಟು ಮೇಲ್ಮಟ್ಟದ ಫುಟ್‌ಬಾಲ್ ಆ ಅಂಗಳಕ್ಕೆ ಮತ್ತೆಂದೂ ಮರಳಲಿಲ್ಲ.

ಅಂದಿನ ಗಾಳಿ

ಈ ನಿರಾಕರಣೆಯ ಬೆಲೆ ತಿಳಿಯಬೇಕಾದರೆ ಆ ಕಾಲದ ಗಾಳಿಯನ್ನೂ ತಿಳಿಯಬೇಕು. ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರ ಬೇಸ್‌ಬಾಲಿನ ಮೇಲ್ಮಟ್ಟದ ಒಕ್ಕೂಟದಲ್ಲಿ ಕಾಲಿಟ್ಟು ಆಗ ನಾಲ್ಕೇ ವರ್ಷಗಳಾಗಿದ್ದವು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು 1954ರಲ್ಲಿ. ರೋಸಾ ಪಾರ್ಕ್ಸ್ ಬಸ್ಸಿನ ಆಸನ ಬಿಟ್ಟು ಏಳಲೊಪ್ಪದೆ ಹೋದದ್ದು 1955ರಲ್ಲಿ. ಡಾನ್ಸ್ ಆಡುತ್ತಿದ್ದ ಅದೇ 1951ರ ಅಕ್ಟೋಬರ್ 20ರಂದು ಒಕ್ಲಹೋಮ ಪ್ರಾಂತ್ಯದಲ್ಲಿ ನಡೆದ ಪಂದ್ಯವೊಂದರಲ್ಲಿ ಡ್ರೇಕ್ ವಿಶ್ವವಿದ್ಯಾಲಯದ ಕಪ್ಪು ಆಟಗಾರ ಜಾನಿ ಬ್ರೈಟ್‌ನ ದವಡೆಯನ್ನು ಎದುರಾಳಿಯೊಬ್ಬ, ಚೆಂಡು ಅವನ ಹತ್ತಿರವೂ ಇಲ್ಲದಾಗ, ಗುದ್ದಿ ಮುರಿದ. ಆ ಘಟನೆಯ ಛಾಯಾಚಿತ್ರಗಳಿಗೆ 1952ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಹೀಗಿರುವಾಗ ಒಂದು ತಂಡದ ಹುಡುಗರು ತಮ್ಮ ಇಬ್ಬರು ಗೆಳೆಯರಿಗಾಗಿ ಎಲೆ ಬಿಟ್ಟು ಎದ್ದರೆ ಅದನ್ನು ಹೊಗಳುವ ಪತ್ರಿಕೆಗಳಾಗಲಿ ಸಭೆಗಳಾಗಲಿ ಹೆಚ್ಚಿರಲಿಲ್ಲ. ಕೀರ್ತಿಯ ಆಸೆಯಿಂದ ಮಾಡಿದ ಕೆಲಸ ಅದಲ್ಲ.

ಧಾರವಾಡದಲ್ಲಿ ಹುಟ್ಟಿದ ಬಾಲೂ

ಇಂಥದು ಅಮೆರಿಕದಲ್ಲಿ ಮಾತ್ರ ನಡೆಯಿತೆಂದು ನಾವು ನಿರಾಳವಾಗುವಂತಿಲ್ಲ. ಎಂ.ಕೆ. ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಕಿತ್ತೂರು ದಾಟಿ ಧಾರವಾಡ ಬರುತ್ತದೆ. 1876ರಲ್ಲಿ ಅಲ್ಲಿ ಹುಟ್ಟಿದ ಪಾಲ್ವಣಕರ ಬಾಲೂ ತನ್ನ ಕಾಲದ ಭಾರತದ ಶ್ರೇಷ್ಠ ಬೌಲರ್. ಅವನು ದಲಿತ ಕುಟುಂಬದವನು. ಪುಣೆಯಲ್ಲಿ ಹಿಂದೂ ತಂಡಕ್ಕಾಗಿ ಆಡುವಾಗ ಬಯಲಿನಲ್ಲಿ ಅವನು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ವಿರಾಮದ ಹೊತ್ತಿಗೆ ಮಾತ್ರ ಅವನಿಗೆ ಚಹಾ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೂ ಅವನ ತಟ್ಟೆ ಬೇರೆ, ಮೇಜು ಬೇರೆ. 1911ರಲ್ಲಿ ಭಾರತದ ತಂಡ ಇಂಗ್ಲೆಂಡ್ ಪ್ರವಾಸ ಮಾಡಿದಾಗ ಅವನು 114 ವಿಕೆಟ್ ಕಿತ್ತ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ದಕ್ಕಲಿಲ್ಲ. 1920ರಲ್ಲಿ ನಾಯಕತ್ವಕ್ಕೆ ಜಾತಿ ಅಡ್ಡಬಂದಿತೆಂದು ಅವನ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ತಂಡದಿಂದ ಹೊರಗುಳಿದು ಪ್ರತಿಭಟಿಸಿದರು. ಕೊನೆಗೆ 1923ರಲ್ಲಿ ವಿಠ್ಠಲನಿಗೆ ನಾಯಕತ್ವ ಬಂತು.

ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. 1920ರಲ್ಲಿ ಸಾಲಿನಿಂದ ಎದ್ದವರು ಅವಮಾನ ಉಂಡವರೇ. ಅವರ ಧೈರ್ಯ ದೊಡ್ಡದು. ಆದರೆ ಆ ಭಾರವನ್ನು ಅವರೇ ಹೊರಬೇಕಾಯಿತು. 1951ರಲ್ಲಿ ಎದ್ದವರು ಯಾರ ಎಲೆ ತುಂಬಿತ್ತೋ ಅವರು. ಅವರಿಗೆ ಕರೆ ಇತ್ತು, ಜಾಗ ಇತ್ತು, ಹಣ ಇತ್ತು. ಸುಮ್ಮನೆ ಹೋಗಿ ಆಡಿ ಬಂದಿದ್ದರೆ ಆ ಕಾಲದಲ್ಲಿ ಅವರನ್ನು ಯಾರೂ ದೂರುತ್ತಿರಲಿಲ್ಲ. ಅನ್ಯಾಯಕ್ಕೊಳಗಾದವನು ನ್ಯಾಯ ಕೇಳುವುದು ಅವನ ಹಕ್ಕು. ಅನ್ಯಾಯದಿಂದ ಲಾಭ ಪಡೆಯಬಹುದಾಗಿದ್ದವನು ಆ ಲಾಭವನ್ನು ಒಲ್ಲೆನೆಂದಾಗ ಬಡಿಸುವವನ ಕೈ ತಡೆಯುತ್ತದೆ.

ಮುಂದಿನ ದಾರಿ

ಡಾನ್ಸ್ ತಂಡ ಚದುರಿತು, ಆಟಗಾರರು ಉಳಿದರು. ಆ ಒಂದೇ ತಂಡದ ಒಂಬತ್ತು ಮಂದಿ ವೃತ್ತಿಪರ ಫುಟ್‌ಬಾಲಿಗೆ ಹೋದರು. ಮ್ಯಾಟ್ಸನ್, ಮಾರ್ಕೆಟಿ, ಸೇಂಟ್ ಕ್ಲೇರ್ ಮೂವರೂ ಆ ಆಟದ ಅತ್ಯುನ್ನತ ಗೌರವವಾದ ಕೀರ್ತಿಭವನಕ್ಕೆ ಆಯ್ಕೆಯಾದರು. ಮೊದಲಿಬ್ಬರು 1972ರಲ್ಲಿ, ಮೂರನೆಯವನು 1990ರಲ್ಲಿ. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇ ಓಟದಲ್ಲಿ ಬೆಳ್ಳಿ ಗೆದ್ದ. 1959ರಲ್ಲಿ ಅವನೊಬ್ಬನನ್ನು ಪಡೆಯಲು ಲಾಸ್ ಏಂಜಲೀಸ್ ತಂಡ ಒಂಬತ್ತು ಆಟಗಾರರನ್ನು ಬಿಟ್ಟುಕೊಟ್ಟಿತು.

ಬರ್ಲ್ ಟೋಲರ್‌ನ ದಾರಿ ಬೇರೆಯಾಯಿತು. 1952ರಲ್ಲಿ ಪ್ರದರ್ಶನ ಪಂದ್ಯವೊಂದರಲ್ಲಿ ಮೊಣಕಾಲಿಗೆ ಬಿದ್ದ ಪೆಟ್ಟಿನಿಂದ ಅವನ ಆಟ ಅಲ್ಲಿಗೇ ಮುಗಿಯಿತು. ಅವರು ಶಿಕ್ಷಕರಾದರು, ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾದರು. 1965ರಲ್ಲಿ ವೃತ್ತಿಪರ ಫುಟ್‌ಬಾಲಿನ ಮೊದಲ ಕಪ್ಪುವರ್ಣೀಯ ತೀರ್ಪುಗಾರರಾಗಿ ನೇಮಕಗೊಂಡರು. 1980ರಲ್ಲಿ ಆ ಆಟದ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲಿನಲ್ಲಿಯೂ ತೀರ್ಪು ನೀಡಿದರು. ಬಯಲಿಗೆ ಬರಬೇಡವೆಂದು ಒಮ್ಮೆ ಹೇಳಿಸಿಕೊಂಡವರ ಕೈಸನ್ನೆಗೆ ಈಗ ಎರಡೂ ತಂಡಗಳು ತಲೆಬಾಗಬೇಕಾಗಿತ್ತು.

ವಿಶ್ವವಿದ್ಯಾಲಯವೂ ಆ ಪಾಠವನ್ನು ಪೂರ್ತಿ ಮರೆಯಲಿಲ್ಲ. 1955 ಮತ್ತು 1956ರಲ್ಲಿ ಅದರ ಬಾಸ್ಕೆಟ್‌ಬಾಲ್ ತಂಡ, ಬಿಲ್ ರಸೆಲ್ ಮತ್ತು ಕೆ.ಸಿ. ಜೋನ್ಸ್ ಎಂಬ ಕಪ್ಪು ಆಟಗಾರರ ಮುಂದಾಳುತನದಲ್ಲಿ, ಎರಡು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. 2006ರಲ್ಲಿ 1951ರ ಫುಟ್‌ಬಾಲ್ ತಂಡದ ಆಟಗಾರರಿಗೆ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಐವತ್ತೈದು ವರ್ಷ ತಡವಾಗಿಯಾದರೂ ಕರೆಯೊಂದು ಬಂತು. ಟೋಲರ್ 2009ರಲ್ಲಿ, ಮ್ಯಾಟ್ಸನ್ 2011ರಲ್ಲಿ ತೀರಿಕೊಂಡರು.

ನಮ್ಮ ಸಾಲು

ಇದು ಯೇಸುಸಭೆಯ ಕಾಲೇಜಿನ ಕಥೆಯಾದ್ದರಿಂದ ಧರ್ಮಸಭೆಯ ಮಕ್ಕಳು ಹೆಮ್ಮೆಪಡುವುದು ಸಹಜ. ಆದರೆ ಇತಿಹಾಸ ನಮಗೆ ಬೇಕಾದಷ್ಟನ್ನೇ ಬಡಿಸುವುದಿಲ್ಲ. ಅದೇ ಯೇಸುಸಭೆಯ ಮೇರಿಲ್ಯಾಂಡ್ ಪ್ರಾಂತ್ಯದವರು 1838ರಲ್ಲಿ 272 ಮಂದಿ ಗುಲಾಮರನ್ನು ಮಾರಿದರು. ಆ ಹಣದಲ್ಲಿ ಒಂದು ಭಾಗ ಜಾರ್ಜ್‌ಟೌನಿನ ವಿದ್ಯಾಸಂಸ್ಥೆಯ ಸಾಲಕ್ಕೆ ಸಂದಿತು. ನಮ್ಮ ದಕ್ಷಿಣ ಭಾರತದಲ್ಲಿಯೂ ಕೆಲವೆಡೆ ಚರ್ಚಿನ ಒಳಗೆ ಬೇರೆ ಸಾಲು, ಸ್ಮಶಾನದಲ್ಲಿ ಬೇರೆ ಮಣ್ಣು ಎಂಬ ರೂಢಿ ಬಹುಕಾಲ ನಡೆಯಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯ ಒಳಗಿನ ಅಸ್ಪೃಶ್ಯತೆಯನ್ನು ಪಾಪವೆಂದೇ ಕರೆಯಬೇಕಾಯಿತು. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಹರಕು ಬಟ್ಟೆಯವನಿಗೆ ಪಾದದ ಬಳಿಯ ಜಾಗ ಕೊಡುವವರನ್ನು ಸಂತ ಯಾಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸಿ ಎರಡು ಸಾವಿರ ವರ್ಷಗಳಾಗುತ್ತ ಬಂದವು.

ನಮ್ಮ ಮನೆಗಳ ಮಕ್ಕಳಿಗೆ ಆರೆಂಜ್ ಬೌಲಿನ ಕರೆ ಬರಲಿಕ್ಕಿಲ್ಲ. ಆದರೆ ಗೆಳೆಯನ ಹೆಸರು ಬಿಟ್ಟ ಲಗ್ನಪತ್ರಿಕೆ ಬರುತ್ತದೆ. 'ನೀನು ಬಾ, ಅವನು ಬೇಡ' ಎನ್ನುವ ಬಾಡಿಗೆ ಮನೆ, ಆಟದ ಗುಂಪು, ಜಾತ್ರೆಯ ಊಟ ಎಲ್ಲವೂ ಎದುರಾಗುತ್ತವೆ. ಆ ಹೊತ್ತಿಗೆ ಏನು ಮಾಡಬೇಕೆಂದು ಉಪದೇಶಿಸುವುದಕ್ಕಿಂತ, ಸೋಲದೆ ಗೆದ್ದು ಬಂದು ಮನೆಯಲ್ಲಿ ಉಳಿದ ಈ ಹುಡುಗರ ಕಥೆಯನ್ನು ಮಕ್ಕಳಿಗೆ ಹೇಳುವುದು ಮೇಲು.

ಕಥೆಯಲ್ಲಿ ಕೊನೆಯದಾಗಿ ಒಂದು ಕಟ್ಟಡವನ್ನೂ ಸೇರಿಸಬಹುದು. ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ವಸತಿಗೃಹವೊಂದಕ್ಕೆ ದೀರ್ಘಕಾಲ ಜೇಮ್ಸ್ ಫೀಲನ್ ಎಂಬವನ ಹೆಸರಿತ್ತು. ಅವನು ಸಂತ ಇಗ್ನಾಸಿ ಕಾಲೇಜಿನಲ್ಲಿಯೇ ಓದಿ, ಆ ನಗರದ ಮೇಯರನೂ ದೇಶದ ಸೆನೆಟ್ ಸದಸ್ಯನೂ ಆದವನು. 1920ರ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯವನ್ನು ಬಿಳಿಯರದಾಗಿಯೇ ಉಳಿಸಬೇಕೆಂಬ ಘೋಷಣೆ ಅವನದು. ಏಷ್ಯಾದಿಂದ ಹೋದವರೇ ಆ ಘೋಷಣೆಯ ಗುರಿ. 2017ರಲ್ಲಿ ವಿದ್ಯಾರ್ಥಿಗಳ ಒತ್ತಾಯದ ಮೇರೆಗೆ ಆ ಹೆಸರನ್ನು ತೆಗೆದು ಅಲ್ಲಿ ಬರ್ಲ್ ಟೋಲರ್ ಅವರ ಹೆಸರನ್ನಿಟ್ಟರು. ನಾನಾ ದೇಶ, ನಾನಾ ಬಣ್ಣದ ವಿದ್ಯಾರ್ಥಿಗಳಿಗೆ ಆ ವಸತಿಗೃಹವೇ ಈಗ ಮನೆ.